ಎಸ್‌ಯುವಿ, ಲಾರಿಗಳ ಸಸ್ಪೆನ್ಶನ್ ಮತ್ತು ಎಂಜಿನ್ ಮಾರ್ಪಾಡು: ಗುಣ, ದೋಷ, ಕಾನೂನು

ಜಾತ್ರೆ, ಕೋಲ, ಮದುವೆ, ಗೃಹಪ್ರವೇಶ ಮುಂತಾದ ಸಂದರ್ಭಗಳಲ್ಲಿ ಮುಂಬಯಿ, ಪುಣೆಗಳಿಂದ ಸ್ವಂತ ವಾಹನದಲ್ಲಿಯೇ ತಾಯ್ನಾಡಿಗೆ ಹೊರಡುವ ಕನ್ನಡಿಗ ಕುಟುಂಬಗಳು ಇಂದು ಬಹಳ. ಕರಾವಳಿಯವರು ರಾಷ್ಟ್ರೀಯ ಹೆದ್ದಾರಿ 66ನ್ನು ಹಿಡಿದರೆ, ಬೆಳಗಾವಿ, ಹುಬ್ಬಳ್ಳಿ ಕಡೆಯವರು ಪುಣೆ, ಕೊಲ್ಹಾಪುರದ ಮೂಲಕ ಹೆದ್ದಾರಿ 48ರಲ್ಲಿ ಸಾಗುತ್ತಾರೆ. ಹಿರಿಯರು, ಮಕ್ಕಳು, ಸಾಮಾನು ಸರಂಜಾಮು ಎಲ್ಲವನ್ನೂ ಒಂದೇ ಗಾಡಿಯಲ್ಲಿ ಕೂಡಿಸುವ ಅನುಕೂಲಕ್ಕಾಗಿ ಏಳು ಆಸನಗಳ ಎತ್ತರದ ವಾಹನಗಳನ್ನು, ಅಂದರೆ ಎಸ್‌ಯುವಿಗಳನ್ನು, ನಮ್ಮವರು ಮೆಚ್ಚಿ ಕೊಳ್ಳುತ್ತಿದ್ದಾರೆ. ಹೋಟೆಲು, ಸಾರಿಗೆ, ಕಂತ್ರಾಟು ಮೊದಲಾದ ಉದ್ಯಮಗಳಲ್ಲಿರುವ ನಮ್ಮವರ ಬಳಿ ಪಿಕಪ್, ಲಾರಿಗಳೂ ಇವೆ.

ಇಂತಹ ವಾಹನವನ್ನು ಕೊಂಡ ಕೆಲವೇ ತಿಂಗಳಲ್ಲಿ ಮನೆಯಲ್ಲಿ ಒಂದು ಚರ್ಚೆ ಆರಂಭವಾಗುವುದುಂಟು. ಗಾಡಿಯನ್ನು ಎರಡು ಅಂಗುಲ ಎತ್ತರಿಸಬೇಕು, ದೊಡ್ಡ ಟಯರು ಹಾಕಿಸಬೇಕು, ಎಂಜಿನ್ನಿನ ಶಕ್ತಿ ಹೆಚ್ಚಿಸಬೇಕು ಎಂದು ಮನೆಯ ಯುವಕರು ಉತ್ಸಾಹ ತೋರುತ್ತಾರೆ. ಹಿಂದಿನ ಸೀಟಿನಲ್ಲಿ ಕುಲುಕಾಟ ಹೆಚ್ಚು, ಅದಕ್ಕೇನಾದರೂ ಮಾಡಿಸಬಾರದೇ ಎಂದು ಹಿರಿಯರೂ ಕೇಳುತ್ತಾರೆ. ತಯಾರಕರು ಕೊಟ್ಟ ಭಾಗಗಳ ಬದಲಿಗೆ ಹೊರಗಿನ ಮಾರುಕಟ್ಟೆಯಿಂದ ತಂದು ಜೋಡಿಸುವ ಇಂತಹ ಭಾಗಗಳಿಗೆ ‘ಆಫ್ಟರ್‌ಮಾರ್ಕೆಟ್’ ಸಾಮಗ್ರಿ ಎಂದು ಹೆಸರು. ಇವುಗಳಲ್ಲಿ ಯಾವುದು ನಿಜಕ್ಕೂ ಉಪಯುಕ್ತ, ಯಾವುದು ಬರಿಯ ಶೋಕಿ, ಯಾವುದು ಅಪಾಯಕಾರಿ, ಯಾವುದು ಕಾನೂನಿಗೆ ವಿರುದ್ಧ ಎಂಬುದನ್ನು ಓದುಗರಿಗೆ ತಿಳಿಯಪಡಿಸುವುದು ಈ ಲೇಖನದ ಉದ್ದೇಶ. ಹಣದ ಪ್ರಶ್ನೆಗಿಂತ ಮಿಗಿಲಾಗಿ ಗಾಡಿಯೊಳಗೆ ಕುಳಿತಿರುವ ಇಡೀ ಕುಟುಂಬದ ಕ್ಷೇಮದ ಪ್ರಶ್ನೆ ಇದಾಗಿರುವುದರಿಂದ ತುಸು ವಿವರವಾಗಿಯೇ ಬರೆಯುತ್ತಿದ್ದೇವೆ.

ಹಿನ್ನೆಲೆ

ಈ ಹವ್ಯಾಸದ ಮೂಲ ಅಮೆರಿಕದಲ್ಲಿದೆ. ಎರಡನೆಯ ಮಹಾಯುದ್ಧದ ನಂತರ ಸೇನೆಯ ಹೆಚ್ಚುವರಿ ಜೀಪುಗಳು ನಾಗರಿಕರ ಕೈಗೆ ಬಂದವು. ಅವುಗಳನ್ನು ಮರುಭೂಮಿ, ಬೆಟ್ಟಗಳಲ್ಲಿ ಓಡಿಸುತ್ತಿದ್ದವರು ತಮ್ಮ ತಮ್ಮ ಅಗತ್ಯಕ್ಕೆ ತಕ್ಕಂತೆ ಸ್ಪ್ರಿಂಗು, ಟಯರುಗಳನ್ನು ಬದಲಿಸತೊಡಗಿದರು. 1963ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಂತಹ ಭಾಗಗಳ ತಯಾರಕರು ‘ಸೀಮಾ’ ಎಂಬ ತಮ್ಮದೇ ಒಕ್ಕೂಟವನ್ನು ಕಟ್ಟಿಕೊಂಡರು. ಆಸ್ಟ್ರೇಲಿಯಾದ ವಿಶಾಲ ಒಳನಾಡು ಈ ಉದ್ಯಮದ ಇನ್ನೊಂದು ತವರು. 1975ರಲ್ಲಿ ಮೆಲ್ಬರ್ನಿನಲ್ಲಿ ಆರಂಭವಾದ ಎಆರ್‌ಬಿ ಸಂಸ್ಥೆಯ ‘ಓಲ್ಡ್ ಮ್ಯಾನ್ ಇಮ್ಯೂ’ ಸಸ್ಪೆನ್ಶನ್ ಇಂದು ಜಗತ್ತಿನಾದ್ಯಂತ ಪರಿಚಿತ.

ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಗೆ ತೊಡಗಿತು. ಕುಟುಂಬದ ವಾಹನವಾಗಿ ಈ ವರ್ಗದ ಗಾಡಿಗಳು ಮನೆಮನೆಗೆ ಬಂದದ್ದು ಬಹಳ ತಡವಾಗಿ. 1994ರ ಟಾಟಾ ಸುಮೋ, 1998ರ ಸಫಾರಿ, 2000ದ ಬೊಲೆರೊ ಮತ್ತು ಕ್ವಾಲಿಸ್, 2002ರ ಸ್ಕಾರ್ಪಿಯೊ, 2005ರ ಇನ್ನೋವಾ, 2009ರ ಫಾರ್ಚೂನರ್ ಇವು ಈ ಹಾದಿಯ ಮೈಲಿಗಲ್ಲುಗಳು. 2010ರಲ್ಲಿ ಬಂದ ಥಾರ್ ಮತ್ತು 2020ರಲ್ಲಿ ಬಂದ ಅದರ ಎರಡನೆಯ ಪೀಳಿಗೆ ಮಾರ್ಪಾಡಿನ ಹವ್ಯಾಸಕ್ಕೆ ಹೊಸ ಹುರುಪನ್ನು ತಂದವು.

ಆದರೆ ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ವಿದೇಶಗಳ ಮಾರ್ಪಾಡು ದಾರಿಯೇ ಇಲ್ಲದ ಕಡೆ ನಿಧಾನವಾಗಿ ಸಾಗುವ ಗಾಡಿಗಳ ಅಗತ್ಯದಿಂದ ಹುಟ್ಟಿದ್ದು. ನಮ್ಮ ಕುಟುಂಬದ ಗಾಡಿಯಾದರೋ ವರ್ಷದ ಬಹುಪಾಲು ನಗರದ ವಾಹನದಟ್ಟಣೆಯಲ್ಲಿ, ಉಳಿದ ಕೆಲವು ದಿನ ಪೂರ್ಣ ಹೊರೆಯೊಡನೆ ಹೆದ್ದಾರಿ ಮತ್ತು ಘಾಟಿಯಲ್ಲಿ ಓಡುತ್ತದೆ. ಅಲ್ಲಿಗೆ ಹೊಂದಿದ್ದು ಇಲ್ಲಿಗೂ ಹೊಂದಬೇಕೆಂದಿಲ್ಲ.

ಸಸ್ಪೆನ್ಶನ್ ಎಂದರೇನು?

ಚಕ್ರಗಳಿಗೂ ಗಾಡಿಯ ಒಡಲಿಗೂ ನಡುವೆ ಇರುವ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ತೋಳು, ಕೀಲು, ರಬ್ಬರ್ ಬುಶ್‌ಗಳ ಸಮೂಹವೇ ಸಸ್ಪೆನ್ಶನ್. ಕುಳಿತವರಿಗೆ ಸುಖ ಕೊಡುವುದು ಅದರ ಒಂದು ಕೆಲಸ ಮಾತ್ರ. ಟಯರನ್ನು ಸದಾ ರಸ್ತೆಗೆ ಒತ್ತಿ ಹಿಡಿದಿರುವುದು ಅದಕ್ಕಿಂತ ದೊಡ್ಡ ಕೆಲಸ. ಬ್ರೇಕು, ಸ್ಟಿಯರಿಂಗು, ಎಂಜಿನ್ ಇವು ಮೂರೂ ರಸ್ತೆಯೊಡನೆ ವ್ಯವಹರಿಸುವುದು ಟಯರು ನೆಲವನ್ನು ಮುಟ್ಟುವ ಅಂಗೈಯಗಲದ ಜಾಗದ ಮೂಲಕವೇ. ಟಯರು ನೆಲದ ಹಿಡಿತ ಬಿಟ್ಟ ಕ್ಷಣದಲ್ಲಿ ಎಷ್ಟೇ ಬೆಲೆಬಾಳುವ ಬ್ರೇಕಾದರೂ ನಿರುಪಯೋಗಿ.

ಗಾಡಿಯ ಭಾರವನ್ನು ಹೊರುವುದು ಸ್ಪ್ರಿಂಗು. ಹಳೆಯ ಜೀಪು, ಲಾರಿ, ಪಿಕಪ್‌ಗಳಲ್ಲಿ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗು ಇರುತ್ತದೆ. ನಮ್ಮ ಚಾಲಕರು ಇದನ್ನು ‘ಪ್ಲೇಟು’ ಎಂದೂ ಮುಂಬಯಿಯ ಗ್ಯಾರೇಜಿನವರು ‘ಕಮಾನಿ’ ಎಂದೂ ಕರೆಯುತ್ತಾರೆ. ಬೊಲೆರೊ, ಹೈಲಕ್ಸ್, ಇಸುಜು ವಿ-ಕ್ರಾಸ್‌ಗಳ ಹಿಂಬದಿಯಲ್ಲಿರುವುದು ಇದೇ. ಇಂದಿನ ಹೆಚ್ಚಿನ ಎಸ್‌ಯುವಿಗಳಲ್ಲಿ ಸುರುಳಿ ಸ್ಪ್ರಿಂಗುಗಳಿವೆ. ಸ್ಪ್ರಿಂಗು ಹೊಂಡದ ಹೊಡೆತವನ್ನು ನುಂಗುತ್ತದೆ, ಆದರೆ ನುಂಗಿದ್ದನ್ನು ಮರಳಿ ಕೊಡುತ್ತದೆ. ಆದ್ದರಿಂದ ಅದೊಂದೇ ಇದ್ದರೆ ಗಾಡಿ ತೊಟ್ಟಿಲಿನಂತೆ ತೂಗುತ್ತಲೇ ಇರುತ್ತದೆ. ಈ ತೂಗಾಟವನ್ನು ಅಡಗಿಸುವುದು ಶಾಕ್ ಅಬ್ಸಾರ್ಬರ್. ಅದರೊಳಗೆ ಎಣ್ಣೆಯು ಸಣ್ಣ ರಂಧ್ರಗಳ ಮೂಲಕ ಹಾಯುವಾಗ ಚಲನೆಯ ಶಕ್ತಿ ಶಾಖವಾಗಿ ಮಾರ್ಪಡುತ್ತದೆ.

ತಯಾರಕರು ಇವೆರಡನ್ನೂ ಗಾಡಿಯ ತೂಕ, ಟಯರು, ಬ್ರೇಕು, ಸ್ಟಿಯರಿಂಗುಗಳೊಡನೆ ಸೇರಿಸಿ ಹೊಂದಿಸಿರುತ್ತಾರೆ. ಒಂದನ್ನು ಮುಟ್ಟಿದರೆ ಉಳಿದವೆಲ್ಲವೂ ಅಲುಗುತ್ತವೆ. ಮುಂದಿನ ವಿವರಗಳನ್ನು ಓದುವಾಗ ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಸ್ಪ್ರಿಂಗು ಬದಲಾವಣೆ

ಮನುಷ್ಯನ ದೇಹಕ್ಕೆ ಹಿತವೆನಿಸುವುದು ಸೆಕೆಂಡಿಗೆ ಸುಮಾರು 1ರಿಂದ 1.5 ಬಾರಿಯ ನಿಧಾನವಾದ ತೂಗಾಟ. ನಡೆಯುವಾಗಿನ ದೇಹದ ಲಯಕ್ಕೆ ಇದು ಹತ್ತಿರದ್ದು. ಸ್ಪ್ರಿಂಗು ಗಡುಸಾದಷ್ಟೂ ಈ ಲಯ ತೀವ್ರವಾಗಿ, ಕುಲುಕಾಟ ಬೆನ್ನಿಗೆ ತಟ್ಟುತ್ತದೆ. ಏಳು ಮಂದಿಯ ಹೊರೆಗೆ ಗಡುಸು ಸ್ಪ್ರಿಂಗು ಬೇಕು, ಚಾಲಕನೊಬ್ಬನೇ ಕುಳಿತಾಗ ಮೃದು ಸ್ಪ್ರಿಂಗು ಬೇಕು. ತಯಾರಕರು ಈ ಎರಡರ ನಡುವೆ ಒಂದು ಸಮತೋಲವನ್ನು ಆರಿಸಿರುತ್ತಾರೆ.

ಸದಾ ಪೂರ್ಣ ಹೊರೆಯಲ್ಲೇ ಓಡುವ ಗಾಡಿಗೆ ತುಸು ಗಡುಸಾದ ಸ್ಪ್ರಿಂಗು ಲಾಭದಾಯಕ. ಹಿಂಬದಿ ಕುಸಿಯುವುದಿಲ್ಲ, ದೀಪಗಳು ಆಕಾಶ ನೋಡುವುದಿಲ್ಲ, ಹೊಂಡದಲ್ಲಿ ತಳ ಬಡಿಯುವುದಿಲ್ಲ. ಆದರೆ ವರ್ಷಕ್ಕೆ ಎರಡು ಸಲ ಊರಿಗೆ ಹೋಗುವುದಕ್ಕಾಗಿ ಇದನ್ನು ಹಾಕಿಸಿದರೆ ಉಳಿದ ಮುನ್ನೂರಕ್ಕೂ ಹೆಚ್ಚು ದಿನ ಖಾಲಿ ಗಾಡಿ ಕುಪ್ಪಳಿಸುತ್ತದೆ, ಮಳೆಯ ರಸ್ತೆಯಲ್ಲಿ ಹಿಂದಿನ ಚಕ್ರ ಹಿಡಿತ ತಪ್ಪುವ ಸಂಭವವೂ ಹೆಚ್ಚುತ್ತದೆ.

ಸುರುಳಿಯ ಗಣಿತವನ್ನೂ ತುಸು ಅರಿಯುವುದು ಒಳಿತು. ತಂತಿಯ ದಪ್ಪ ಕೇವಲ ಶೇಕಡಾ 10ರಷ್ಟು ಹೆಚ್ಚಿದರೆ ಸುರುಳಿಯ ಗಡಸುತನ ಶೇಕಡಾ 46ರಷ್ಟು ಏರುತ್ತದೆ. ಆದ್ದರಿಂದ ಕಣ್ಣಳತೆಯಲ್ಲಿ ‘ಸ್ವಲ್ಪ ದಪ್ಪದ್ದು’ ಎಂದು ಆರಿಸಿದ ಸ್ಪ್ರಿಂಗು ಸ್ವಲ್ಪ ಗಡುಸಾಗಿರುವುದಿಲ್ಲ. ಗಾಡಿಯನ್ನು ತಗ್ಗಿಸಲೆಂದು ಸುರುಳಿಯನ್ನೇ ಕತ್ತರಿಸುವವರೂ ಇದ್ದಾರೆ. ಎಂಟು ಸುತ್ತುಗಳಲ್ಲಿ ಒಂದನ್ನು ತೆಗೆದರೆ ಗಡಸುತನ ಸುಮಾರು ಶೇಕಡಾ 14 ಹೆಚ್ಚುತ್ತದೆ, ಚಕ್ರ ಹೊಂಡಕ್ಕೆ ಇಳಿದಾಗ ಸ್ಪ್ರಿಂಗು ತನ್ನ ಬಟ್ಟಲಿನಿಂದ ಜಾರುವ ಅಪಾಯವೂ ಇದೆ. ಇದನ್ನು ಯಾವ ಕಾರಣಕ್ಕೂ ಮಾಡಿಸಬಾರದು.

ಬಿಡಿಭಾಗಗಳ ಅಂಗಡಿಗಳಲ್ಲಿ ಅಗ್ಗವಾಗಿ ಸಿಗುವ ರಬ್ಬರ್ ‘ಬಫರ್’ಗಳ ಬಗೆಗೂ ಎರಡು ಮಾತು. ಸುರುಳಿಯ ಎರಡು ಸುತ್ತುಗಳ ನಡುವೆ ಇದನ್ನು ಸಿಕ್ಕಿಸಿದರೆ ಗಾಡಿ ತುಸು ಎತ್ತರಗೊಂಡಂತೆ ಕಾಣುವುದು ನಿಜ. ಆದರೆ ಅದು ಕೆಲಸ ಮಾಡುವುದು ಆ ಸುತ್ತುಗಳ ಚಲನೆಯನ್ನು ತಡೆಯುವುದರಿಂದ. ಉಳಿದ ಸುತ್ತುಗಳ ಮೇಲೆ ಒತ್ತಡ ಹೆಚ್ಚಿ ಸ್ಪ್ರಿಂಗಿನ ಆಯುಷ್ಯ ಕುಗ್ಗಬಹುದು. ಕುಸಿದ ಸ್ಪ್ರಿಂಗಿಗೆ ಸರಿಯಾದ ಮದ್ದು ಅದೇ ಅಳತೆಯ ಹೊಸ ಸ್ಪ್ರಿಂಗು, ಅದೂ ಎಡಬಲ ಜೋಡಿಯಾಗಿ.

ಶಾಕ್ ಅಬ್ಸಾರ್ಬರ್

ಎಲ್ಲ ಮಾರ್ಪಾಡುಗಳಲ್ಲಿ ಕುಟುಂಬದ ಗಾಡಿಗೆ ಅತಿ ಹೆಚ್ಚು ಪ್ರಯೋಜನ ಕೊಡುವುದು ಯಾವುದೆಂದು ಕೇಳಿದರೆ ನಮ್ಮ ಉತ್ತರ ಇದೇ. ಶಾಕ್ ಅಬ್ಸಾರ್ಬರ್ ಒಮ್ಮೆಲೇ ಕೆಡುವುದಿಲ್ಲ. ಅದು ದಿನದಿನವೂ ಅಷ್ಟಷ್ಟೇ ಸೋಲುತ್ತದೆ, ಚಾಲಕನೂ ಅರಿವಿಲ್ಲದೆ ಅದಕ್ಕೆ ಒಗ್ಗಿಕೊಳ್ಳುತ್ತಾನೆ. ಬ್ರೇಕು ಹಾಕಿದಾಗ ಮೂತಿ ಆಳವಾಗಿ ಬಾಗುವುದು, ತಿರುವಿನಲ್ಲಿ ಒಡಲು ವಾಲುವುದು, ಹೊಂಡ ದಾಟಿದ ಮೇಲೂ ತೂಗಾಟ ನಿಲ್ಲದಿರುವುದು, ಟಯರು ಅಲ್ಲಲ್ಲಿ ಗುಳಿಗುಳಿಯಾಗಿ ಸವೆಯುವುದು, ಶಾಕ್‌ನ ಮೈಮೇಲೆ ಎಣ್ಣೆ ಜಿನುಗುವುದು ಇವು ಅದರ ಲಕ್ಷಣಗಳು. ಸುಮಾರು 80,000 ಕಿಲೋಮೀಟರ್ ಓಡಿದ ಗಾಡಿಯನ್ನು ಈ ದೃಷ್ಟಿಯಿಂದ ಪರೀಕ್ಷಿಸಲೇಬೇಕು. ರಸ್ತೆ ಕೆಟ್ಟದ್ದಾದರೆ ಅದಕ್ಕೂ ಮೊದಲೇ.

ರಚನೆಯ ದೃಷ್ಟಿಯಿಂದ ಇವುಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ಒಂದರೊಳಗೊಂದು ಕೊಳವೆಯಿರುವ ಜೋಡಿ ಕೊಳವೆಯ ಬಗೆ ಅಗ್ಗ, ಮೃದು, ಹೊರಗಿನ ಕಲ್ಲೇಟನ್ನು ತಡೆದುಕೊಳ್ಳಬಲ್ಲದು. ಆದರೆ ದೀರ್ಘಕಾಲ ಕೆಟ್ಟ ರಸ್ತೆಯಲ್ಲಿ ಓಡಿದರೆ ಅದರೊಳಗಿನ ಎಣ್ಣೆ ಬಿಸಿಯಾಗಿ, ನೊರೆಯಾಗಿ, ಹಿಡಿತ ಸಡಿಲುತ್ತದೆ. ಜೋಡಿ ಕೊಳವೆಯ ಶಾಕ್‌ನಲ್ಲಿಯೇ ಕಡಿಮೆ ಒತ್ತಡದ ಅನಿಲ ತುಂಬಿ ಈ ನೊರೆಯನ್ನು ತಗ್ಗಿಸುವ ಮಾದರಿಗಳೂ ಇವೆ. ಎರಡನೆಯದಾದ ಒಂಟಿ ಕೊಳವೆಯ ಬಗೆಯಲ್ಲಿ ಎಣ್ಣೆಯನ್ನೂ ಹೆಚ್ಚಿನ ಒತ್ತಡದ ಸಾರಜನಕವನ್ನೂ ಒಂದು ತೇಲುವ ಪಿಸ್ಟನ್ ಬೇರ್ಪಡಿಸಿರುತ್ತದೆ. ಇದರಲ್ಲಿ ನೊರೆ ಏಳುವುದು ಕಡಿಮೆ, ಶಾಖವೂ ಬೇಗ ಹೊರಹೋಗುತ್ತದೆ. ಫ್ರಾನ್ಸಿನ ದ ಕಾರ್ಬನ್ ಅವರ ಈ ಕಲ್ಪನೆಯನ್ನು 1950ರ ದಶಕದಲ್ಲಿ ಜರ್ಮನಿಯ ಬಿಲ್‌ಸ್ಟೀನ್ ಸಂಸ್ಥೆ ಕಾರುಗಳಿಗಾಗಿ ದೊಡ್ಡ ಪ್ರಮಾಣದಲ್ಲಿ ತಯಾರಿಸಿತು. ಇದರ ಬೆಲೆ ಹೆಚ್ಚು. ನಗರದ ನಿಧಾನ ಓಟದಲ್ಲಿ ತುಸು ಗಡುಸೆನಿಸುವುದೂ ಉಂಟು.

ಊರಿನ ದಾರಿಗೆ ಯಾವುದು ಸೂಕ್ತ? ಹೆದ್ದಾರಿಯಲ್ಲಿ ಓಡುವ ಕುಟುಂಬದ ಗಾಡಿಗೆ ಮೂಲ ಎತ್ತರವನ್ನು ಬದಲಿಸದ, ಆ ಮಾದರಿಗೆಂದೇ ತಯಾರಾದ ಒಳ್ಳೆಯ ಹೆಸರಿನ ಶಾಕ್ ಅಬ್ಸಾರ್ಬರ್‌ಗಳು ಸಾಕು. ದೂರದ ಸ್ಪರ್ಧೆಗಳಿಗಾಗಿ ಹೊರಗೆ ಪ್ರತ್ಯೇಕ ಎಣ್ಣೆಯ ಡಬ್ಬಿಯನ್ನು ಜೋಡಿಸಿದ ಶಾಕ್‌ಗಳಿಗೆ ಸುರಿಯುವ ಹಣದಲ್ಲಿ ನಾಲ್ಕು ಉತ್ತಮ ಟಯರುಗಳು ಬಂದಾವು.

ಗಾಡಿಯನ್ನು ಎತ್ತರಿಸುವುದು

‘ಲಿಫ್ಟ್ ಕಿಟ್’ ಎಂಬ ಹೆಸರಿನಲ್ಲಿ ಸಿಗುವ ಸಾಮಗ್ರಿಯಿಂದ ಗಾಡಿಯನ್ನು ಸಾಮಾನ್ಯವಾಗಿ ಒಂದರಿಂದ ಮೂರು ಅಂಗುಲದವರೆಗೆ ಎತ್ತರಿಸುತ್ತಾರೆ. ಉದ್ದದ ಸ್ಪ್ರಿಂಗು, ಅದಕ್ಕೆ ತಕ್ಕ ಶಾಕ್, ಸರಿಪಡಿಸಿದ ತೋಳುಗಳನ್ನು ಒಟ್ಟಿಗೆ ಹಾಕುವುದು ಒಂದು ಕ್ರಮ. ಇದ್ದ ಸ್ಪ್ರಿಂಗಿನ ಮೇಲೆ ಲೋಹದ ಇಲ್ಲವೇ ಪ್ಲಾಸ್ಟಿಕ್ಕಿನ ಬಿಲ್ಲೆಯನ್ನು ಇಟ್ಟು ಎತ್ತರಿಸುವುದು ಇನ್ನೊಂದು. ಎರಡನೆಯದು ಅಗ್ಗ. ಅದರಿಂದ ದೊರೆಯುವುದು ತೋರಿಕೆಯ ಎತ್ತರ ಮಾತ್ರ, ಚಕ್ರದ ಮೇಲುಕೆಳಗಿನ ಚಲನೆಗೆ ಯಾವ ಲಾಭವೂ ಇಲ್ಲ.

ಎತ್ತರದ ಬೆಲೆಯನ್ನು ತೆರುವುದು ತಿರುವಿನಲ್ಲಿ. ಗಾಡಿ ಮಗುಚುವ ಸಾಧ್ಯತೆಯನ್ನು ಅಳೆಯಲು ಅಮೆರಿಕದ ರಸ್ತೆ ಸುರಕ್ಷಾ ಇಲಾಖೆ ಒಂದು ಸರಳ ಅನುಪಾತವನ್ನು ಬಳಸುತ್ತದೆ: ಎಡಬಲ ಚಕ್ರಗಳ ನಡುವಿನ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸುವುದು. ಬಂದ ಸಂಖ್ಯೆ ದೊಡ್ಡದಾದಷ್ಟೂ ಗಾಡಿ ಸ್ಥಿರ. ಸಾಮಾನ್ಯ ಕಾರುಗಳಿಗೆ ಇದು ಹೆಚ್ಚುಕಡಿಮೆ 1.3ರಿಂದ 1.5, ಎಸ್‌ಯುವಿಗಳಿಗೆ 1ರಿಂದ 1.3. ಉದಾಹರಣೆಗೆ ಚಕ್ರಗಳ ಅಂತರ 1,500 ಮಿಲಿಮೀಟರ್, ಗುರುತ್ವ ಕೇಂದ್ರದ ಎತ್ತರ 700 ಮಿಲಿಮೀಟರ್ ಇದ್ದರೆ ಅನುಪಾತ 1.07. ಆ ಕೇಂದ್ರ 50 ಮಿಲಿಮೀಟರ್ ಮೇಲೇರಿದರೆ ಅನುಪಾತ ನೇರ 1ಕ್ಕೆ ಇಳಿಯುತ್ತದೆ. ಮೊದಲೇ ಕಡಿಮೆಯಿದ್ದ ಬಂಡವಾಳದಿಂದ ಇನ್ನಷ್ಟು ಕಳೆದುಕೊಂಡಂತೆ. ಇದರ ಮೇಲೆ ತಾರಸಿಯ ಕ್ಯಾರಿಯರ್‌ನಲ್ಲಿ ಸಾಮಾನು ಹೇರಿದರೆ ಕೇಂದ್ರ ಮತ್ತೂ ಮೇಲೇರುತ್ತದೆ. ಶಿರಾಡಿ, ಚಾರ್ಮಾಡಿ, ಆಗುಂಬೆಗಳ ತಿರುವುಗಳಲ್ಲಿ ಎದುರಿನಿಂದ ಬಂದ ಬಸ್ಸನ್ನು ತಪ್ಪಿಸಲು ಸ್ಟಿಯರಿಂಗನ್ನು ಥಟ್ಟನೆ ಎಳೆಯಬೇಕಾದ ಸಂದರ್ಭವನ್ನು ಓದುಗರೇ ಊಹಿಸಿಕೊಳ್ಳಬಹುದು.

ಕಣ್ಣಿಗೆ ಕಾಣದ ಪರಿಣಾಮಗಳೂ ಇವೆ. ಮುಂಚಕ್ರಗಳಿಗೆ ಶಕ್ತಿ ಒಯ್ಯುವ ಕೀಲುಗಳು ಕಡಿದಾದ ಕೋನದಲ್ಲಿ ತಿರುಗಿ ಬೇಗ ಸವೆಯುತ್ತವೆ. ಬ್ರೇಕಿನ ರಬ್ಬರ್ ಕೊಳವೆ ಸಾಕಷ್ಟು ಉದ್ದವಿಲ್ಲದಿದ್ದರೆ ಚಕ್ರ ಪೂರ್ತಿ ಕೆಳಗಿಳಿದಾಗ ಎಳೆದಂತಾಗುತ್ತದೆ. ಚಕ್ರದ ಅಲೈನ್‌ಮೆಂಟ್ ತಪ್ಪಿ ಗಾಡಿ ನೆಟ್ಟಗೆ ಓಡುವ ಗುಣವನ್ನು ಕಳೆದುಕೊಳ್ಳುತ್ತದೆ. ದೀಪದ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಜಾರುವ ಗಾಡಿಯನ್ನು ತಾನೇ ಹತೋಟಿಗೆ ತರುವ ಇಎಸ್‌ಸಿ ವ್ಯವಸ್ಥೆ ಮೂಲ ಎತ್ತರ, ಮೂಲ ಟಯರುಗಳ ಲೆಕ್ಕಾಚಾರದ ಮೇಲೆ ನಿಂತಿದೆ ಎಂಬುದನ್ನೂ ಮರೆಯಲಾಗದು. ಹತ್ತುವ ಇಳಿಯುವ ಕಷ್ಟವನ್ನು ಮನೆಯ ಹಿರಿಯರೇ ಹೇಳಿಯಾರು!

ದೊಡ್ಡ ಟಯರು

ನಮ್ಮ ಹಲವು ಎಸ್‌ಯುವಿಗಳಲ್ಲಿ ಬಂದ 235/65 ಆರ್ 17 ಅಳತೆಯ ಟಯರಿನ ಹೊರವ್ಯಾಸ ಸುಮಾರು 737 ಮಿಲಿಮೀಟರ್. ಅದರ ಜಾಗದಲ್ಲಿ 245/70 ಆರ್ 17 ಹಾಕಿದರೆ ವ್ಯಾಸ 775 ಮಿಲಿಮೀಟರ್, ಅಂದರೆ ಶೇಕಡಾ 5ರಷ್ಟು ಹೆಚ್ಚು. ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಸಾಗುವುದರಿಂದ ಮೊದಲು ನಿಖರವಾಗಿದ್ದ ಸ್ಪೀಡೋಮೀಟರ್ 100 ಎಂದು ತೋರಿಸುವಾಗ ಗಾಡಿ ವಾಸ್ತವದಲ್ಲಿ 105ರ ವೇಗದಲ್ಲಿರುತ್ತದೆ. ನೆಲಕ್ಕೆ ತಲಪುವ ಎಳೆತ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ. ಅದೇ ಬ್ರೇಕು ಹೆಚ್ಚು ದೊಡ್ಡ, ಹೆಚ್ಚು ಭಾರದ ಚಕ್ರವನ್ನು ನಿಲ್ಲಿಸಬೇಕಾಗುತ್ತದೆ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಟಯರು ಒಳಗವಚಕ್ಕೆ ಉಜ್ಜುವುದೂ ಉಂಟು.

ಕೆಸರಿಗೆಂದು ಮಾಡಿದ ದೊಡ್ಡ ದೊಡ್ಡ ಹಲ್ಲುಗಳ ಟಯರು ನೋಡಲು ಗಂಭೀರ. ಆದರೆ ಒದ್ದೆ ಡಾಂಬರಿನ ಮೇಲೆ ಅದರ ಹಿಡಿತ ಹೆದ್ದಾರಿ ಟಯರಿಗಿಂತ ಕಡಿಮೆ, ಸದ್ದು ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಂಕಣದ ಮಳೆಯಲ್ಲಿ ಓಡುವ ಗಾಡಿಗೆ ಇದು ತಕ್ಕದ್ದಲ್ಲ. ಮೂಲ ಅಳತೆಯಲ್ಲಿಯೇ ಒಳ್ಳೆಯ ಟಯರು, ಬಾಗಿಲ ಬಳಿಯ ಪಟ್ಟಿಯಲ್ಲಿ ಬರೆದಂತೆ ಹೊರೆಗೆ ತಕ್ಕ ಗಾಳಿ, ಇವೆರಡೂ ಎಷ್ಟೋ ಕುಲುಕಾಟಗಳನ್ನು ಪರಿಹರಿಸುತ್ತವೆ.

ಎಂಜಿನ್ನಿನ ಶಕ್ತಿ ಹೆಚ್ಚಿಸುವುದು

ಇಂದಿನ ಡೀಸೆಲ್ ಎಂಜಿನ್ನಿಗೆ ಎಷ್ಟು ಇಂಧನ, ಯಾವ ಕ್ಷಣದಲ್ಲಿ, ಟರ್ಬೋದಿಂದ ಎಷ್ಟು ಗಾಳಿ ಎಂಬುದನ್ನೆಲ್ಲ ನಿರ್ಧರಿಸುವುದು ಇಸಿಯು ಎಂಬ ಪುಟ್ಟ ಗಣಕ. ಅದರೊಳಗಿನ ಕೋಷ್ಟಕಗಳನ್ನು ತಿದ್ದುವುದಕ್ಕೆ ‘ರೀಮ್ಯಾಪ್’ ಎನ್ನುತ್ತಾರೆ. ತಂತಿಯ ನಡುವೆ ಸಣ್ಣ ಪೆಟ್ಟಿಗೆಯನ್ನು ಸೇರಿಸಿ, ಇಂಧನದ ಒತ್ತಡ ಇರುವುದಕ್ಕಿಂತ ಕಡಿಮೆಯಿದೆಯೆಂದು ಆ ಗಣಕವನ್ನು ನಂಬಿಸುವುದು ಇನ್ನೊಂದು ಉಪಾಯ. ಶೇಕಡಾ 20ರಿಂದ 30ರಷ್ಟು ಶಕ್ತಿ ಹೆಚ್ಚುವುದೆಂಬ ಆಶ್ವಾಸನೆ ಈ ವ್ಯಾಪಾರದಲ್ಲಿ ಸಾಮಾನ್ಯ. ಟರ್ಬೋ ಇರುವ ಎಂಜಿನ್ನಿನಲ್ಲಿ ಇದು ಸುಳ್ಳೇನಲ್ಲ. ಆದರೆ ಆ ಶಕ್ತಿ ಎಲ್ಲಿಂದ ಬಂತೆಂದು ಕೇಳಿಕೊಳ್ಳಬೇಕು. ಕ್ಲಚ್ಚು, ಗೇರುಪೆಟ್ಟಿಗೆ, ಟರ್ಬೋ, ಪಿಸ್ಟನ್‌ಗಳ ದೀರ್ಘಾಯುಷ್ಯಕ್ಕಾಗಿ ತಯಾರಕರು ಮೀಸಲಿಟ್ಟಿದ್ದ ಅಂತರವನ್ನೇ ನಾವು ಖರ್ಚು ಮಾಡುತ್ತಿರುತ್ತೇವೆ.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್6 ನಿಯಮ ಜಾರಿಗೆ ಬಂದ ಮೇಲೆ ಡೀಸೆಲ್ ಗಾಡಿಗಳಲ್ಲಿ ಮಸಿಯನ್ನು ಹಿಡಿದು ಸುಡುವ ಸೋಸುಕ ಸೇರಿಕೊಂಡಿದೆ. ಇಂಧನವನ್ನು ಅತಿಯಾಗಿ ಸುರಿದರೆ ಮಸಿ ಹೆಚ್ಚಿ ಸೋಸುಕ ಬೇಗ ಕಟ್ಟಿಕೊಳ್ಳುತ್ತದೆ. ಆಗ ಕೆಲವರು ಸೋಸುಕವನ್ನೇ ತೆಗೆಸಿಬಿಡುವ ಸಲಹೆ ಕೊಡುತ್ತಾರೆ. ಇದು ಕಾನೂನುಬಾಹಿರ ಮಾತ್ರವಲ್ಲ, ಆ ಹೊಗೆಯನ್ನು ಉಸಿರಾಡುವವರು ನಮ್ಮದೇ ನಗರದ ಮಕ್ಕಳು ಎಂಬುದನ್ನು ನೆನೆಯಬೇಕು. ಹೊಗೆ ಕೊಳವೆಯ ಸದ್ದು ಹೆಚ್ಚಿಸುವ ಜೋಡಣೆಯೂ ಇದೇ ಸಾಲಿಗೆ ಸೇರಿದ್ದು. ಇದಲ್ಲದೆ ಹೆಚ್ಚಿದ ವೇಗಕ್ಕೆ ತಕ್ಕಂತೆ ಬ್ರೇಕು, ಶಾಕ್‌ಗಳು ಹೆಚ್ಚಿರುವುದಿಲ್ಲ. ಏರುವ ಶಕ್ತಿಯನ್ನು ಕೊಂಡವರಿಗೆ ಇಳಿಯುವ ಹತೋಟಿ ಉಚಿತವಾಗಿ ದೊರೆಯುವುದಿಲ್ಲ.

ಪಿಕಪ್ ಮತ್ತು ಲಾರಿಗಳು

ಹೊರೆಯ ವಾಹನಗಳಲ್ಲಿ ಅತಿ ಸಾಮಾನ್ಯವಾದ ಮಾರ್ಪಾಡು ಪ್ಲೇಟುಗಳ ಸಂಖ್ಯೆಯನ್ನು ಹೆಚ್ಚಿಸುವುದು. ಇದರಿಂದ ಹಿಂಬದಿ ಕುಸಿಯುವುದು ನಿಲ್ಲುತ್ತದೆ, ಆದರೆ ಗಾಡಿಯ ಸಾಮರ್ಥ್ಯ ಹೆಚ್ಚುವುದಿಲ್ಲ. ಆಕ್ಸಲ್, ಬೇರಿಂಗು, ಟಯರು, ಚಾಸಿಸ್, ಬ್ರೇಕು ಎಲ್ಲವೂ ಮೊದಲಿನವೇ. ಕುಸಿತವೆಂಬುದು ಅತಿ ಹೊರೆಯ ಎಚ್ಚರಿಕೆ. ಪ್ಲೇಟು ಸೇರಿಸಿದಾಗ ಮರೆಯಾಗುವುದು ಎಚ್ಚರಿಕೆಯೇ ಹೊರತು ಅಪಾಯವಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೆಯ ಕಲಮಿನಲ್ಲಿ ಅತಿ ಹೊರೆಗೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವನ್ನು ಹೇಳಿದೆ.

ನಡುವೆ ದಪ್ಪವಾಗಿ ತುದಿಗೆ ತೆಳ್ಳಗಾಗುವ ‘ಪ್ಯಾರಬೋಲಿಕ್’ ಪ್ಲೇಟುಗಳು ಈ ಕ್ಷೇತ್ರದ ನಿಜವಾದ ಸುಧಾರಣೆ. ಪಟ್ಟಿಗಳ ಸಂಖ್ಯೆ ಕಡಿಮೆ, ಒಂದನ್ನೊಂದು ಉಜ್ಜುವ ಘರ್ಷಣೆ ಕಡಿಮೆ, ತೂಕವೂ ಕಡಿಮೆ. ಆದ್ದರಿಂದ ಖಾಲಿ ಗಾಡಿಯೂ ಹದವಾಗಿ ಓಡುತ್ತದೆ. ಹಲವು ಹೊಸ ಲಾರಿಗಳಲ್ಲಿ ಇವು ಕಾರ್ಖಾನೆಯಿಂದಲೇ ಬರುತ್ತವೆ. ವಿದೇಶಗಳಲ್ಲಿ ಪಿಕಪ್‌ನ ಹಿಂಬದಿಗೆ ಗಾಳಿ ತುಂಬುವ ಸಹಾಯಕ ಚೀಲಗಳನ್ನು ಜೋಡಿಸುವ ರೂಢಿಯೂ ಇದೆ. ಹೊರೆಗೆ ತಕ್ಕಂತೆ ಗಾಳಿಯನ್ನು ಹೆಚ್ಚು ಕಡಿಮೆ ಮಾಡಬಹುದಾದರೂ ಅನುಮತಿಸಿದ ಒಟ್ಟು ತೂಕವನ್ನು ಅವೂ ಹೆಚ್ಚಿಸುವುದಿಲ್ಲ.

ಏಳು ಆಸನದ ಗಾಡಿಯವರೂ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು. ಗಾಡಿಯ ಸ್ವಂತ ತೂಕ 1,900 ಕಿಲೋ, ಅನುಮತಿಸಿದ ಒಟ್ಟು ತೂಕ 2,500 ಕಿಲೋ ಎಂದಿಟ್ಟುಕೊಳ್ಳೋಣ. ಉಳಿದದ್ದು 600 ಕಿಲೋ. ತಲಾ 70 ಕಿಲೋದಂತೆ ಏಳು ಮಂದಿಗೆ 490. ಸಾಮಾನಿಗೆ ದೊರೆಯುವುದು 110 ಕಿಲೋ ಮಾತ್ರ. ಕಬ್ಬಿಣದ ಬಂಪರ್, ಕ್ಯಾರಿಯರ್, ಎಳೆಯುವ ವಿಂಚ್ ಇತ್ಯಾದಿಗಳನ್ನು ಹೊತ್ತ ಗಾಡಿಯಲ್ಲಿ ಊರಿನಿಂದ ತರುವ ಅಕ್ಕಿ, ತೆಂಗಿನಕಾಯಿಗಳಿಗೆ ಜಾಗವಿದ್ದರೂ ತೂಕದ ಅವಕಾಶವಿರುವುದಿಲ್ಲ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ್ದಕ್ಕಿಂತ ಭಿನ್ನವಾಗುವ ರೀತಿಯಲ್ಲಿ ಮಾಲಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಸಿಎನ್‌ಜಿ, ಎಲ್‌ಪಿಜಿ, ವಿದ್ಯುತ್ ಮುಂತಾದ ಇಂಧನಗಳಿಗೆ ಅನುಮೋದಿತ ಕಿಟ್ ಅಳವಡಿಸುವುದಕ್ಕೆ ಮತ್ತು ಅಂಗವಿಕಲರ ಅನುಕೂಲಕ್ಕಾಗಿ ಹೊಂದಿಸುವುದಕ್ಕೆ ಅದರಲ್ಲಿ ಪ್ರತ್ಯೇಕ ಅವಕಾಶವಿದೆ. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ನೀಡಿದ ತೀರ್ಪು ಈ ಕಲಮಿಗೆ ಇನ್ನಷ್ಟು ಬಲ ತಂದಿತು. ತಯಾರಕರ ಮೂಲ ವಿವರವೇ ಮುಖ್ಯ ಅಳತೆಗೋಲು ಎಂದ ನ್ಯಾಯಾಲಯ, ಹೆಚ್ಚು ಸಾಮರ್ಥ್ಯದ ಟಯರು ಹಾಕುವುದನ್ನೂ ಈ ನಿಷೇಧದ ವ್ಯಾಪ್ತಿಯಲ್ಲಿ ಉಲ್ಲೇಖಿಸಿತು.

ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಎತ್ತರಿಕೆ ಒಂದು, ಟಯರು ಇನ್ನೊಂದು, ಹೊಗೆ ಕೊಳವೆ ಮತ್ತೊಂದು ಎಂದು ಎಣಿಕೆ ಬೆಳೆಯುತ್ತದೆ. ಗಾಡಿಯ ಮುಂದೆ ಕಟ್ಟುವ ಕಬ್ಬಿಣದ ಬುಲ್ ಬಾರ್ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿಯೇ ರಾಜ್ಯಗಳಿಗೆ ತಿಳಿಸಿತ್ತು. ಪಾದಚಾರಿಗಳಿಗೆ ಅದು ಮಾರಕ, ಅಪಘಾತದಲ್ಲಿ ಏರ್‌ಬ್ಯಾಗ್ ಸಕಾಲದಲ್ಲಿ ತೆರೆದುಕೊಳ್ಳುವುದಕ್ಕೂ ಅದು ಅಡ್ಡಿಯಾಗಬಹುದು.

ಹೊರದೇಶಗಳ ಗಾಡಿಗಳನ್ನು ತೋರಿಸಿ ‘ಅಲ್ಲಿ ಎಲ್ಲರೂ ಮಾಡಿಸುತ್ತಾರಲ್ಲ’ ಎನ್ನುವವರುಂಟು. ಆಸ್ಟ್ರೇಲಿಯಾದಲ್ಲಿ ಮಿತಿಯೊಳಗಿನ ಎತ್ತರಿಕೆಗೆ ಅವಕಾಶವಿರುವುದು ನಿಜ. ಆದರೆ ಮಿತಿ ದಾಟಿದರೆ ಮಾನ್ಯತೆ ಪಡೆದ ಎಂಜಿನಿಯರರು ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು. ಜರ್ಮನಿಯಲ್ಲಿ ಭಾಗಗಳಿಗೆ ಪರೀಕ್ಷಾ ಸಂಸ್ಥೆಯ ಅನುಮೋದನೆ ಬೇಕು. ಅಲ್ಲಿರುವುದು ಸ್ವಾತಂತ್ರ್ಯದೊಡನೆ ಜವಾಬ್ದಾರಿ.

ವಿಮೆಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ಗಾಡಿಯಲ್ಲಿ ಮಾಡಿದ ಮಹತ್ವದ ಬದಲಾವಣೆಯನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸದಿದ್ದರೆ ಅಪಘಾತದ ನಂತರ ಸ್ವಂತ ಹಾನಿಯ ಪರಿಹಾರಕ್ಕೆ ತಕರಾರು ಬರಬಹುದು. ಮಾರ್ಪಾಡಿನಿಂದ ಕೆಟ್ಟ ಭಾಗಕ್ಕೆ ತಯಾರಕರ ವಾರಂಟಿಯೂ ದೊರೆಯುವುದಿಲ್ಲ. ಸವೆದ ಶಾಕ್, ಸ್ಪ್ರಿಂಗು, ಬುಶ್‌ಗಳನ್ನು ಮೂಲ ನಮೂನೆಗೆ ಸಮಾನವಾದವುಗಳಿಂದ ಬದಲಿಸುವುದಾದರೋ ದುರಸ್ತಿ. ಅದಕ್ಕೆ ಅಳುಕಬೇಕಾಗಿಲ್ಲ. ಸಂಶಯವಿದ್ದಲ್ಲಿ ಕೆಲಸಕ್ಕೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಮಾಡಿಸುವವರಿಗೆ ಕೆಲವು ಸೂಚನೆಗಳು

ಮುಂಬಯಿಯ ಕುರ್ಲಾ, ದೆಹಲಿಯ ಕಾಶ್ಮೀರಿ ಗೇಟ್, ಚೆನ್ನೈಯ ಜನರಲ್ ಪ್ಯಾಟರ್ಸ್ ರಸ್ತೆ, ಬೆಂಗಳೂರಿನ ಜೆ.ಸಿ. ರಸ್ತೆ ಮೊದಲಾದೆಡೆಗಳಲ್ಲಿ ಬಿಡಿಭಾಗಗಳು ಹೇರಳವಾಗಿ ಸಿಗುತ್ತವೆ. ಅಸಲಿಯ ಜೊತೆಗೆ ನಕಲಿಯೂ ಬೆರೆತಿರಬಹುದು ಎಂಬ ಎಚ್ಚರ ಇರಲಿ. ಖರೀದಿ ಹಾಗೂ ಜೋಡಣೆಯಲ್ಲಿ ಈ ಕೆಳಗಿನ ಅಂಶಗಳನ್ನು ಗಮನಿಸಬಹುದು.

1. ಮೊದಲು ತೊಂದರೆಯನ್ನು ಗುರುತಿಸಿ, ಆಮೇಲೆ ಭಾಗವನ್ನು ಆರಿಸಿ. ಕುಲುಕಾಟಕ್ಕೆ ಹಲವೊಮ್ಮೆ ಸವೆದ ಬುಶ್ ಇಲ್ಲವೇ ಅತಿಯಾದ ಗಾಳಿಯೇ ಕಾರಣವಾಗಿರುತ್ತದೆ.
2. ಶಾಕ್, ಸ್ಪ್ರಿಂಗುಗಳನ್ನು ಒಂದೇ ಆಕ್ಸಲಿನ ಎರಡೂ ಬದಿಗೆ ಒಟ್ಟಿಗೆ ಬದಲಿಸಿ.
3. ಭಾಗದ ಸಂಖ್ಯೆ ನಿಮ್ಮ ಗಾಡಿಯ ಮಾದರಿ, ವರ್ಷಕ್ಕೆ ಹೊಂದುವುದೇ ಎಂದು ನೋಡಿ. ತೆರಿಗೆ ಸಹಿತ ಬಿಲ್ಲು ಪಡೆದು ಕಾಪಾಡಿ.
4. ಹಳೆಯ ಸ್ಪ್ರಿಂಗನ್ನು ಕಾಯಿಸಿ, ಬಗ್ಗಿಸಿ ‘ಹೊಸದು’ ಮಾಡಿಕೊಡುವವರಿಂದ ದೂರವಿರಿ. ಶಾಖದಿಂದ ಉಕ್ಕಿನ ಹದ ಕೆಡುತ್ತದೆ.
5. ಕೆಲಸ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ದೀಪದ ಎತ್ತರ ಪರೀಕ್ಷಿಸಿ. ಕೆಲವು ನೂರು ಕಿಲೋಮೀಟರ್ ಓಡಿದ ನಂತರ ಬೋಲ್ಟುಗಳ ಬಿಗಿಯನ್ನು ಮತ್ತೊಮ್ಮೆ ನೋಡಿಸಿ.
6. ಊರಿಗೆ ಹೊರಡುವ ಹಿಂದಿನ ದಿನ ಹೊಸ ಸಸ್ಪೆನ್ಶನ್ ಹಾಕಿಸಬೇಡಿ. ಒಂದೆರಡು ವಾರ ಪರಿಚಿತ ರಸ್ತೆಯಲ್ಲಿ ಓಡಿಸಿ ಗಾಡಿಯ ಹೊಸ ಗುಣವನ್ನು ಅರಿಯಿರಿ.
7. ಭಾರದ ಸಾಮಾನನ್ನು ತಾರಸಿಯ ಮೇಲಿಡದೆ ಗಾಡಿಯೊಳಗೆ, ತಳಮಟ್ಟದಲ್ಲಿ, ಆಕ್ಸಲ್‌ಗಳ ನಡುವೆ ಇರಿಸಿ.

ಕೊನೆಯ ಮಾತು

ಮಾರ್ಪಾಡೆಂಬುದೇ ತಪ್ಪು ಎನ್ನುವುದು ನಮ್ಮ ಅಭಿಪ್ರಾಯವಲ್ಲ. ಯಂತ್ರದ ಮೇಲಿನ ಪ್ರೀತಿ ಒಳ್ಳೆಯ ಗುಣ. ಗಾಡಿಯ ಅಡಿಗೆ ಬಗ್ಗಿ ನೋಡುವ ಯುವಕನಿಗೆ ಅದರ ಬಗ್ಗೆ ಕಾಳಜಿಯೂ ಇರುತ್ತದೆ. ಆ ಕಾಳಜಿ ಎತ್ತರದ ಮೋಹಕ್ಕೆ ಮೀಸಲಾಗದೆ ಶಾಕ್, ಟಯರು, ಬ್ರೇಕುಗಳ ಕಡೆ ಹರಿದರೆ ಮನೆಯವರೆಲ್ಲರಿಗೂ ಲಾಭ. ಒಂದು ಲಿಫ್ಟ್ ಕಿಟ್‌ಗೆಂದು ಕೂಡಿಟ್ಟ ಹಣದಲ್ಲಿ ಮೂಲ ಅಳತೆಯ ನಾಲ್ಕು ಶಾಕ್‌ಗಳು, ಹೊಸ ಬುಶ್‌ಗಳು, ಒಂದು ಅಲೈನ್‌ಮೆಂಟ್ ಬಹಳ ಮಟ್ಟಿಗೆ ಪೂರೈಸೀತು. ಅವುಗಳಿಂದ ಗಾಡಿಯ ನೋಟ ಬದಲಾಗದಿದ್ದರೂ ಘಾಟಿಯ ಮಳೆಯಲ್ಲಿ ಥಟ್ಟನೆ ಬ್ರೇಕು ಒತ್ತಿದಾಗ ಅದು ನಿಲ್ಲಬೇಕಾದಲ್ಲಿ ನಿಲ್ಲುತ್ತದೆ. ಮನೆಯ ಹಿರಿಯರೂ ಕಿರಿಯರೂ ಈ ಲೆಕ್ಕವನ್ನು ಒಟ್ಟಿಗೆ ಕುಳಿತು ಹಾಕಿ, ಆಮೇಲೆ ಗ್ಯಾರೇಜಿನ ಬಾಗಿಲು ತಟ್ಟಲಿ ಎಂಬುದು ನಮ್ಮ ಸವಿನಯ ಸಲಹೆ. ಎಲ್ಲರಿಗೂ ಶುಭ ಪ್ರಯಾಣವನ್ನು ಹಾರೈಸುತ್ತೇವೆ.